ಹನ್ನೊಂದನೇ ಅಳು

೧೯೯೭ನೇ ಇಸವಿಯಲ್ಲಿ ಕೂಡ್ಲಿಗಿಯ ಹಗರಿ ಟಾಕೀಸಿನಲ್ಲಿ ಒಂದು ಹೊಡೆದಾಟಕ್ಕೆ ಒಂದು ಅಳು ಎಂಬ ನಿಯಮ ಜಾರಿಗೆ ಬಂತು. ‘ಕಬ್ಬಿಣಪ್ಪ’ ಸಿನಿಮಾದ ಮೊದಲ ಭಾಗದಲ್ಲಿ ಬರೀ ಬಡಿದಾಟವಿದ್ದು, ಹೆಂಗಸರ ಬೆಂಚುಗಳು ಖಾಲಿ ಬಿದ್ದಿದ್ದವು. ಆದ್ದರಿಂದ ಎರಡನೇ ಭಾಗ ಬರುವ ಮೊದಲೇ ಊರ ಪ್ರಮುಖರು ಭಾವಸಮತೋಲನ ಸಮಿತಿ ರಚಿಸಿ, ಅಳು ಕಡಿಮೆ ಬಿದ್ದಲ್ಲಿ ಆಪರೇಟರನ ಲೈಸೆನ್ಸ್ ರದ್ದುಪಡಿಸತಕ್ಕದ್ದು ಎಂದು ಠರಾವು ಮಾಡಿದರು. ಸಿನಿಮಾ ತೆಗೆದವರು ಎಲ್ಲೋ ದೂರದಲ್ಲಿದ್ದರು; ಆಪರೇಟರ್ ಹುಲುಗೇಶ್ ಕೈಗೆ ಸಿಗುವಂತೆ ಮೆಷಿನ್ ರೂಮಿನಲ್ಲೇ ಇದ್ದ.

ಹನ್ನೆರಡು ವರ್ಷ ಟಾಕೀಸಿನ ಕಸ ಹೊಡೆದು, ರೀಲಿನ ಪೆಟ್ಟಿಗೆ ಹೊತ್ತು, ಪರೀಕ್ಷೆ ಬರೆದು ಪಡೆದ ಲೈಸೆನ್ಸ್ ಅದು. ಅವನ ಮನೆತನದಲ್ಲಿ ಫೋಟೊ ಅಂಟಿಸಿ ಮೊಹರು ಹೊಡೆದ ಕಾಗದ ಕಂಡವನು ಅವನೊಬ್ಬನೇ. ಅದು ಹೋದರೆ ಮತ್ತೆ ಕಸಬರಿಗೆಯೇ ಗತಿ.

“ಸಾವ್ಕಾರ್ರ, ಎರಡನೇ ಭಾಗದಾಗ ಫೈಟು ಹನ್ನೊಂದು ಅದಾವ್ರಿ. ತಾಯಿ ಸಾಯೋದು ಒಂದ ಸಲ,” ಎಂದು ಟಾಕೀಸಿನ ಮಾಲೀಕ ಗುರುಸಂಗಪ್ಪನವರ ಮುಂದೆ ಅಲವತ್ತುಕೊಂಡ.

ಗುರುಸಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತ, “ಹಂಗಾರ ಹನ್ನೊಂದು ಸಲ ಸಾಯ್ಲಿ ಬಿಡಲೇ. ಆಕಿಗೇನು ತ್ರಾಸು?” ಎಂದರು.

ಅಂತೆಯೇ ಆಯಿತು. ಎಡಗಡೆ ಮೆಷಿನ್ನಿನಲ್ಲಿ ಹುಲುಗೇಶ್ ಕಥೆ ಓಡಿಸಿದ, ಬಲಗಡೆಯದಕ್ಕೆ ತಾಯಿಯ ಸಾವು ಏರಿಸಿದ. ಫೈಟು ಮುಗಿದೊಡನೆ ತಾಯಿ ಸಾಯುವಳು. ಮುಂದಿನ ಫೈಟು ಮುಗಿಯುವಷ್ಟರಲ್ಲಿ ಇವನು ಆ ರೀಲನ್ನು ಹಿಂದಕ್ಕೆ ಸುತ್ತಿಡುವನು. ಮೂರನೇ ಸಲ ಸತ್ತ ತಾಯಿ ಮರುಗಳಿಗೆಯಲ್ಲೇ ಮಗನಿಗೆ ರೊಟ್ಟಿ ಬಡಿದು ಕೊಟ್ಟಳು. ಯಾರೂ ತಕರಾರು ತೆಗೆಯಲಿಲ್ಲ. ಸಮಿತಿಯ ಕಾರ್ಯದರ್ಶಿ ಏಕಾಂತಪ್ಪ ಬ್ಯಾಟರಿ ಹಿಡಿದು ಹೆಂಗಸರ ಸಾಲಿನಲ್ಲಿ ಓಡಾಡಿ, ಕಣ್ಣೊರೆಸಿದ ಸೆರಗುಗಳನ್ನು ಪರಿಶೀಲಿಸಿ, ‘ಒದ್ದೆ’ ಎಂದು ಬರೆದುಕೊಂಡರು.

ಮುಂದಿನ ಬೆಂಚಿನ ಗಾದೆಮ್ಮ ಮೂಗು ಸೀಟಿಕೊಂಡು, “ಫೈಟಿಗೊಮ್ಮಿ ಜೀವ ಬಿಡ್ತಾಳವ್ವ. ತಾಯಿ ಅಂದ್ರ ಹಿಂಗಿರ್ಬೇಕು,” ಎಂದಳು. ಕೊಟ್ಟೂರು, ಹಡಗಲಿಗಳಿಂದಲೂ ಜನ ಬಸ್ಸಿನ ಟಾಪು ಹತ್ತಿ ಬಂದರು.

ಇಪ್ಪತ್ತೈದನೇ ದಿನದ ಮ್ಯಾಟಿನಿಯಲ್ಲಿ, ಸಾಯಿಸಿ ಸಾಯಿಸಿ ಸವೆದಿದ್ದ ರೀಲು ಹನ್ನೊಂದನೇ ಸಾವಿಗೆ ತಡೆಯಲಿಲ್ಲ. ತಾಯಿ ಕಣ್ಣು ಮುಚ್ಚುವ ಮೊದಲೇ ಚೂರುಚೂರಾಯಿತು.

“ಬದುಕಿದಳವ್ವೋ!” ಎಂದು ಇಡೀ ಟಾಕೀಸು ಎದ್ದು ಕುಣಿಯಿತು. ಗಾದೆಮ್ಮ ಸೀಟಿ ಹೊಡೆದಳು. ಒಂದು ಸೆರಗೂ ಒದ್ದೆಯಾಗಲಿಲ್ಲ.

ಏಕಾಂತಪ್ಪ ಮೆಷಿನ್ ರೂಮಿಗೆ ಏರಿ ಬಂದು, ಮೊದಲೇ ಟೈಪು ಮಾಡಿಸಿಟ್ಟಿದ್ದ ಆದೇಶ ಓದಿದರು: “ಒಂದು ಅಳು ಕೊರತೆ ಬಿದ್ದಿರುವುದರಿಂದ, ಸದರಿ ಹುಲುಗೇಶನ ಲೈಸೆನ್ಸನ್ನು ಈ ಕ್ಷಣದಿಂದ ರದ್ದುಪಡಿಸಲಾಗಿದೆ.”

“ಹನ್ನೆರಡು ವರ್ಷ ರೀ...” ಎಂದು ಹುಲುಗೇಶ್ ಬಿಕ್ಕಿಬಿಕ್ಕಿ ಅತ್ತ.

ಏಕಾಂತಪ್ಪ ಅವನ ಕೆನ್ನೆಗೆ ಬ್ಯಾಟರಿ ಬಿಟ್ಟು ನೋಡಿದರು. “ತಡಿಯಪ. ಅಳು ಟಾಕೀಸಿನೊಳಗ ಬೀಳ್ಬೇಕು ಅಂತ ಐತಿ. ಯಾರದು ಅಂತ ಬರದಿಲ್ಲ.” ಹನ್ನೊಂದನೆಯದನ್ನು ಬರೆದುಕೊಂಡರು. ಆದೇಶ ವಾಪಸಾಯಿತು.

ತುಂಡು ಜೋಡಿಸಿದ ರೀಲಿಗೆ ಆಟಕ್ಕೆ ಹತ್ತು ಸಾವಿನಷ್ಟು ಮಾತ್ರ ತ್ರಾಣವಿದೆಯೆಂದು ಸಮಿತಿ ಅಂದಾಜು ಮಾಡಿ, ಹನ್ನೊಂದನೇ ಅಳನ್ನು ಆಪರೇಟರನೇ ಪರದೆಯ ಮುಂದೆ ಖುದ್ದು ಹಾಜರಾಗಿ ಅಳತಕ್ಕದ್ದೆಂದು ನೋಟಿಸು ಅಂಟಿಸಿತು. ಆದರೆ ಲೈಸೆನ್ಸ್ ಉಳಿದ ಖುಷಿಗೆ ಹುಲುಗೇಶನಿಗೆ ಅಳುವೇ ಬರಲೊಲ್ಲದು. ಹೀಗಾಗಿ ಪ್ರತಿ ಆಟದಲ್ಲೂ ಏಕಾಂತಪ್ಪ ಆದೇಶ ಓದಿ ಲೈಸೆನ್ಸ್ ರದ್ದು ಮಾಡುವರು, ಅವನು ನಿಜಕ್ಕೂ ಅಳುವನು, ಜನ “ಒನ್ಸ್ ಮೋರ್” ಎನ್ನುವರು, ಲೈಸೆನ್ಸ್ ಮರಳಿ ಊರ್ಜಿತವಾಗುವುದು. ದಿನಕ್ಕೆ ಮೂರಾಟ. ಹೆಂಡತಿ ಸುಂಕಮ್ಮ, “ನಿನ್ನಿ ಮ್ಯಾಟಿನಿಗಿಂತ ಇವತ್ತು ಚೊಲೊ ಅತ್ತಿ ನೋಡು,” ಎಂದು ಹೆಮ್ಮೆಪಟ್ಟಳು.

ಐವತ್ತನೇ ದಿನ ಏಕಾಂತಪ್ಪ ಮದುವೆಗೆಂದು ಹರಪನಹಳ್ಳಿಗೆ ಹೋಗಿದ್ದರು. ಹನ್ನೊಂದನೇ ಫೈಟು ಮುಗಿಯಿತು, ಜನ ಕಾದರು. ಹುಲುಗೇಶ್ ಆದೇಶವನ್ನು ತಾನೇ ಗಟ್ಟಿಯಾಗಿ ಓದಿ, ತನ್ನ ಲೈಸೆನ್ಸನ್ನು ರದ್ದುಪಡಿಸಿ, ಮನಸಾರೆ ಅತ್ತು, ಕೆಳಗೆ ಕಾರ್ಯದರ್ಶಿಯವರ ಪರವಾಗಿ ರುಜು ಹಾಕಿದ.