ಬೋಲ್ಟಿನೊಳಗಿನ ಹೈಡ್ರೋಜನ್ನೂ ನಮ್ಮ ಕಾಕಾನೂ

ನಮ್ಮ ಕಾಕಾನ ಪಕ್ಕ ಕೂತು ಹಾನಗಲ್ಲಿನಿಂದ ಸವಣೂರಿಗೆ ಹೋದವರು ಆಮೇಲೆ ಬಸ್ಸು ಹತ್ತಲು ಹೆದರುತ್ತಾರೆ! ಈ ನಿವೃತ್ತ ಫಿಜಿಕ್ಸ್ ಮಾಸ್ತರರು ಸೀಟಿನ ಬೋಲ್ಟುಗಳನ್ನು ಒಂದೊಂದಾಗಿ ತಟ್ಟುತ್ತ, "ಒಳಗ ಹೈಡ್ರೋಜನ್ ಹೊಕ್ಕೇತಿ, ಯಾವಾಗ ಪಟ್ಟನ ಮುರೀತೈತೋ!" ಎಂದು ಸಾರುತ್ತಾರೆ.

"ಮುರೀಲ್ರಿ ಸರ, ಮೊದಲ ಟಿಕೆಟ್ ತಗೋರಿ," ಎಂದ ಒಬ್ಬ ಕಂಡಕ್ಟರ್.

ಉಕ್ಕಿಗೆ ಹೊಳಪಿನ ಲೇಪ ಕೊಡುವಾಗ ಹೈಡ್ರೋಜನ್ ಒಳಗೆ ನುಸುಳುತ್ತದಂತೆ, ಗಟ್ಟಿ ಉಕ್ಕೂ ಹಪ್ಪಳದಂತೆ ಮುರಿಯುತ್ತದಂತೆ. ಕೂಡಲೇ ಕಾಯಿಸಿದರೆ ಅದು ಹೊರಬೀಳುತ್ತದಂತೆ. ಸರಿ, ಸ್ಕೂಟರಿನ ಹೊಸ ಬೋಲ್ಟುಗಳೆಲ್ಲ ಕಾಕಾನ ಹೆಂಡತಿ ಚಿಗವ್ವನ ಕೇಕಿನ ಒಲೆಯೊಳಗೆ!

"ಏನ್ ಬೇಯಿಸಾಕತ್ತೀರಿ?" ಎಂದು ಪಕ್ಕದ ಮನೆಯವರು ಕೇಳಿದರೆ ಚಿಗವ್ವ, "ಬೋಲ್ಟ್ ರೀ. ಹಲ್ಲು ಗಟ್ಟಿ ಅದಾವಿಲ್ಲೋ?" ಎನ್ನುತ್ತಾಳೆ.

ಇಷ್ಟಕ್ಕೇ ಬಿಟ್ಟರೆ ಅವರು ಕಾಕಾ ಹೇಗಾದಾರು? ಲೋಹದೊಳಗೆ ಒತ್ತೊತ್ತಾಗಿ ತುಂಬಿದ ಹೈಡ್ರೋಜನ್, ಸೂರ್ಯನೊಳಗಿನಂಥ ಕಾವಿಲ್ಲದೆಯೇ ಒಂದಕ್ಕೊಂದು ಬೆಸೆದುಕೊಂಡು ಶಾಖ ಕೊಡಬಹುದು ಎಂಬ ಹುಚ್ಚು ಹಿಡಿಯಿತು. ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಅಲ್ಲಾಡಿಸಿ ಕೈಬಿಟ್ಟ ಮಾತು, ಇವರು ಕೇಳಬೇಕಲ್ಲ! ಪಡಸಾಲೆಯಲ್ಲಿ ಗಾಜಿನ ಜಾಡಿ, ನೀರು, ಅದರೊಳಗೆ ಲೋಹದ ಕಡ್ಡಿ, ಅದಕ್ಕೆ ಕರೆಂಟಿನ ವೈರು, ಥರ್ಮಾಮೀಟರು. ಊಟದ ನಡುವೆ ಎದ್ದು ನೋಡುವುದು, ಸ್ನಾನದ ನಡುವೆ ಬಂದು ನೋಡುವುದು!

ಕೊನೆಗೊಂದು ದಿನ ಬೇಸತ್ತು, "ಈ ಸಲ ಕಾವು ಏರಲಿಲ್ಲಂದ್ರ ಎಲ್ಲಾ ಕಟ್ಟಿಟ್ಟು ಸುಮ್ಮನ ಕುಂದರ್ತೇನಿ," ಎಂದರು. ನಾನು ಬದುಕಿದೆ ಎಂದುಕೊಂಡೆ. ಚಿಗವ್ವನ ಮುಖ ಬಾಡಿತು. ನಿವೃತ್ತಿಯಾದ ಹೊಸದರಲ್ಲಿ ಅವರು ಹಾಗೇ ಗೋಡೆ ನೋಡುತ್ತ ಸುಮ್ಮನೆ ಕೂತಿದ್ದರು. ಎಬ್ಬಿಸಿದರೆ ಏಳುವುದು, ಬಡಿಸಿದರೆ ಉಣ್ಣುವುದು.

ಮುಂದಿನ ಭಾನುವಾರ ಹೋದಾಗ ಕಾಕಾ ಹಿತ್ತಲಲ್ಲಿದ್ದರು. ಪಡಸಾಲೆಯಲ್ಲಿ ಚಿಗವ್ವ ಜಾಡಿಗೆ ತಂಬಿಗೆಯಿಂದ ಬಿಸಿನೀರು ಸುರಿಯುತ್ತಿದ್ದಳು! ನನ್ನನ್ನು ಕಂಡು ಬೆಚ್ಚಿದಳು. "ಹೇಳಬ್ಯಾಡಪಾ. ಅವರು ಸುಮ್ಮನ ಕುಂತ್ರ ನನ್ನ ಎದಿ ಧಸಕ್ ಅಂತೈತಿ."

ಕಾಕಾ ಬಂದರು. ಥರ್ಮಾಮೀಟರು ನೋಡಿದರು, "ಏರೇತಿ! ಏರೇತಿ!" ಎಂದು ಓಣಿಗೆಲ್ಲ ಕೇಳುವಂತೆ ಕುಣಿದರು. ಚಿಗವ್ವ ನಗುತ್ತ ಚಹಾ ಮಾಡಲು ಒಳಹೋದಳು.

ಆಗ ಕಾಕಾ ನನ್ನ ಕಿವಿಯ ಹತ್ತಿರ ಬಾಗಿದರು. "ಕರೆಂಟ್ ಹಾಯಿಸಿದ್ರ ಜಾಡಿಯಾಗಿನ ನೀರು ಕಡಿಮಿ ಆಗಬೇಕಲೇ. ಇಲ್ಲಿ ಎರಡು ಬೆರಳಷ್ಟು ಹೆಚ್ಚಾಗೇತಿ."

ನಾನು ಅಡುಗೆಮನೆಯ ಕಡೆ ನೋಡಿದೆ.

"ನನಗ ತಿಳದೈತಿ ಅಂತ ಅಕಿಗೆ ಗೊತ್ತಾಗೂದು ಬ್ಯಾಡ. ಭಾಳ ಅಂಜ್ಯಾಳ," ಎಂದವರೇ ವೈರು ಬಿಚ್ಚಿ, ಹಳೆಯ ನೀರು ಚೆಲ್ಲಿ, ಹೊಸ ನೀರು ತುಂಬತೊಡಗಿದರು.