ಹನ್ನೆರಡು ನಿರ್ದೇಶಕರ ಛಾಟ

ನಲವತ್ತೊಂದು ದೇಶಗಳಲ್ಲಿ ಶಾಖೆಗಳಿರುವ ನಮ್ಮ ಬ್ಯಾಂಕಿನ ಆಡಳಿತ ಮಂಡಳಿಯ ಹನ್ನೆರಡೂ ನಿರ್ದೇಶಕರು ಕಳೆದ ಆಗಸ್ಟ್ ತಿಂಗಳಿನಿಂದ ಆಜೀವ ನಿರ್ದೇಶಕರಾಗಿರುತ್ತಾರೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಕುಲಸುಂಬಿ ಎಂಬ ಹೆಣ್ಣುಮಗಳು ಅವರೆಲ್ಲರನ್ನೂ ಕೆಲಸಕ್ಕೆ ಬಾರದವರೆಂದು ತೀರ್ಮಾನಿಸಿದ್ದೇ ಇದಕ್ಕೆ ಕಾರಣ. ಬ್ಯಾಂಕಿನ ಹೆಸರನ್ನು ಅನುಮತಿಯಿಲ್ಲದೆ ಎಲ್ಲೂ ಬರೆಯಕೂಡದೆಂಬ ಸುತ್ತೋಲೆ ಇರುವುದರಿಂದ ನಾನು ಅದನ್ನು ಬರೆಯುವುದಿಲ್ಲ. ನನ್ನ ಹೆಸರು ಧರೆಪ್ಪ. ನಿಪ್ಪಾಣಿ ಶಾಖೆಯ ಹಿರಿಯ ಗುಮಾಸ್ತ. ಮೇಲಿನಿಂದ ಬರುವ ಇಂಗ್ಲಿಷ್ ಸುತ್ತೋಲೆಗಳನ್ನು ಕನ್ನಡಕ್ಕೆ ತಂದು ಗೋಡೆಗೆ ಅಂಟಿಸುವ ಕೆಲಸವೂ ನನ್ನದೇ. ಅಂಟಿಸಿದ್ದನ್ನು ಯಾರೂ ಓದುವುದಿಲ್ಲವಾದ್ದರಿಂದ ನನ್ನ ಕನ್ನಡದ ಮೇಲೆ ಈವರೆಗೆ ಒಂದೂ ದೂರು ಬಂದಿಲ್ಲ.

ಹೋದ ವರ್ಷ ಮೂರು ದೇಶಗಳ ಸರ್ಕಾರಗಳು ನಮ್ಮ ಬ್ಯಾಂಕಿಗೆ ದಂಡ ಹಾಕಿದವು. ದಂಡ ಕಟ್ಟುವುದು ನಮ್ಮವರಿಗೆ ಹೊಸದಲ್ಲ. ಅದಕ್ಕೆಂದೇ ಪ್ರತ್ಯೇಕ ವಿಭಾಗವಿದೆ, ಅದರ ಮುಖ್ಯಸ್ಥರಿಗೆ ಬೋನಸ್ಸೂ ಇದೆ. ಆದರೆ ಈ ಸಲ ದಂಡದ ಜೊತೆಗೆ, ನಿರ್ದೇಶಕರು ವರ್ಷಕ್ಕೆ ಒಂದು ದಿನವಾದರೂ ಸಾಮಾನ್ಯ ಗ್ರಾಹಕರ ಮುಖ ನೋಡತಕ್ಕದ್ದು ಎಂಬ ಷರತ್ತೂ ಬಂತು. ಮಂಡಳಿ ಇದನ್ನು ಗಂಭೀರವಾಗಿ ಪರಿಗಣಿಸಿತು. ಆ ವರ್ಷ ಅವರ ಚಿಂತನ ಶಿಬಿರ ಗೋವಾದ ಸಮುದ್ರ ದಂಡೆಯಲ್ಲಿತ್ತು. ಕೊಲ್ಹಾಪುರದಲ್ಲಿ ವಿಮಾನ ಇಳಿದು ಗೋವಾಕ್ಕೆ ಹೋಗುವ ದಾರಿಯಲ್ಲಿ ನಿಪ್ಪಾಣಿ ಸಿಗುತ್ತದೆ. ಹೀಗಾಗಿ ಸಾಮಾನ್ಯ ಗ್ರಾಹಕರು ನಿಪ್ಪಾಣಿಯಲ್ಲಿದ್ದಾರೆ ಎಂಬ ಅಂಶ ಬೆಳಕಿಗೆ ಬಂತು.

ಹನ್ನೆರಡು ಮಂದಿ ಹನ್ನೆರಡು ಕಾರುಗಳಲ್ಲಿ ಬಂದರು. ನಮ್ಮ ಮ್ಯಾನೇಜರ್ ಅಮೋಲ ಸಾಹೇಬರು ಅವರನ್ನು ಶಾಖೆಯ ಹಿಂಬದಿಯ ಬೀಡಿ ಕಾರ್ಖಾನೆಗೆ ಕರೆದುಕೊಂಡು ಹೋದರು. ಗ್ರಾಹಕರ ಮುಖಗಳು ಅಲ್ಲಿ ಒಂದೇ ಕಡೆ ನೂರಾರು ಇದ್ದವು. ಹೆಂಗಸರು ಮನೆಯಲ್ಲಿ ಕಟ್ಟಿದ ಬೀಡಿಗಳನ್ನು ತಂದು ಸಾಲಿನಲ್ಲಿ ಕೂತಿದ್ದರು. ಎದುರಿಗೆ ಮಣೆಯ ಮೇಲೆ ಚೆಕರ್ ಭಾವುಸಾಹೇಬ. ಅವನು ಒಂದೊಂದೇ ಕಟ್ಟನ್ನು ಎತ್ತಿ, ಹೊರಳಿಸಿ ನೋಡಿ, ಕೆಲವನ್ನು ಪಕ್ಕದ ಬುಟ್ಟಿಗೆ ಎಸೆಯುತ್ತಿದ್ದ.

"ಇದರ ಬಾಯಿ ಮುಚ್ಚಿಲ್ಲ, ಛಾಟ. ಇದರಾಗ ತಂಬಾಕ ಕಡಿಮಿ ಐತಿ, ಛಾಟ. ಇದು..." ಎಂದು ಸ್ವಲ್ಪ ಯೋಚಿಸಿ, "ಇದೂ ಛಾಟ" ಎಂದ.

ಮಂಡಳಿಯ ಅಧ್ಯಕ್ಷರು ಇದೇನೆಂದು ಕೇಳಿದರು. ಅಮೋಲ ಸಾಹೇಬರು ವಿವರಿಸಿದರು. ಛಾಟ ಎಂದರೆ ಸರಿಯಿಲ್ಲವೆಂದು ತೆಗೆದಿಟ್ಟ ಬೀಡಿ. ಅದಕ್ಕೆ ಕೂಲಿ ಇಲ್ಲ.

"ಹಾಗಾದರೆ ಆ ಬೀಡಿಯನ್ನು ಆ ಮಹಿಳೆಗೆ ಹಿಂದಿರುಗಿಸುತ್ತಾರೆಯೇ?"

"ಇಲ್ಲ. ಅದು ಮಾಲೀಕರ ಕಡೆಯೇ ಉಳಿಯುತ್ತದೆ."

"ಮಾಲೀಕರು ಅದನ್ನು ನಾಶಪಡಿಸುತ್ತಾರೆಯೇ?"

"ಇಲ್ಲ. ಮಾರುತ್ತಾರೆ."

ಅಧ್ಯಕ್ಷರು ಅಲ್ಲಿದ್ದ ಒಂದು ಗೋಣಿಚೀಲದ ಮೇಲೆ ಕುಳಿತುಬಿಟ್ಟರು. ಮೂವತ್ತೆಂಟು ವರ್ಷ ಬ್ಯಾಂಕಿಂಗ್ ಕ್ಷೇತ್ರದಲ್ಲಿ ಕಳೆದ ತಮಗೆ ಇಷ್ಟು ಸರಳವಾದ ವಿಚಾರ ಹೊಳೆಯಲಿಲ್ಲವಲ್ಲ ಎಂದು ಅವರ ಕಣ್ಣುಗಳು ತೇವಗೊಂಡವು. ಗೋವಾದ ಶಿಬಿರದಲ್ಲಿ ಅವರು ಬೇರೆ ಏನನ್ನೂ ಚಿಂತಿಸಲಿಲ್ಲ ಎಂದು ನಡಾವಳಿಯಲ್ಲಿ ದಾಖಲಾಗಿದೆ.

ತಿಂಗಳೊಳಗೆ 'ಠೇವಣಿ ಗುಣಮಟ್ಟ ಪರಿಶೀಲನಾ ನಿಯಮಾವಳಿ' ನಲವತ್ತೊಂದು ದೇಶಗಳಲ್ಲೂ ಜಾರಿಗೆ ಬಂತು. ಕನ್ನಡ ಪ್ರತಿ ನನ್ನದೇ. ಗ್ರಾಹಕರು ತಂದ ಹಣವನ್ನು ಪರಿಶೀಲಕರು ಪರಿಶೀಲಿಸಿ, ಹತ್ತರಲ್ಲಿ ಒಂದು ಭಾಗ ಹಾಗೂ ಕನಿಷ್ಠ ಒಂದು ರೂಪಾಯಿಯಷ್ಟು ದೋಷವನ್ನು ಕಂಡುಹಿಡಿಯತಕ್ಕದ್ದು. ದೋಷವುಳ್ಳ ಹಣವನ್ನು ಖಾತೆಗೆ ಜಮೆ ಮಾಡತಕ್ಕದ್ದಲ್ಲ. ದೋಷವುಳ್ಳ ಹಣ ಸಮಾಜದಲ್ಲಿ ಓಡಾಡಿದರೆ ಸಮಾಜಕ್ಕೆ ಕೇಡಾದ್ದರಿಂದ ಗ್ರಾಹಕರಿಗೆ ಹಿಂದಿರುಗಿಸತಕ್ಕದ್ದೂ ಅಲ್ಲ. ಕಲಂ ನಾಲ್ಕರ ಪ್ರಕಾರ, ಬ್ಯಾಂಕಿನ ಪರಿಶೀಲನೆಯಲ್ಲಿ ಛಾಟ ಆದದ್ದು ಯಾವುದೇ ಆಗಿರಲಿ, ಅದು ಶಾಶ್ವತವಾಗಿ ಬ್ಯಾಂಕಿನಲ್ಲೇ ಉಳಿಯತಕ್ಕದ್ದು.

ಭಾವುಸಾಹೇಬನನ್ನು ಜಾಗತಿಕ ಮುಖ್ಯ ಪರಿಶೀಲಕನನ್ನಾಗಿ ನೇಮಿಸಿ ನಮ್ಮ ಶಾಖೆಯಲ್ಲೇ ಗಾಜಿನ ಕೋಣೆ ಕಟ್ಟಿಸಿಕೊಟ್ಟರು. ಕುರ್ಚಿ ಅವನಿಗೆ ಒಗ್ಗಲಿಲ್ಲ. ಮಣೆ ತರಿಸಿಕೊಂಡ.

ಕುಲಸುಂಬಿ ಅವನ ಹಳೆಯ ಸಾಲಿನವಳು. ಇಪ್ಪತ್ತಾರು ವರ್ಷ ಅವನ ಮುಂದೆ ಬೀಡಿ ಸುರಿದವಳು. ಮಗಳು ಮೆಹೆಕಳಿಗೆ ಚಿಕ್ಕೋಡಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಶುಲ್ಕ ನಲವತ್ತು ಸಾವಿರ, ಶುಕ್ರವಾರ ಸಂಜೆ ಐದರೊಳಗೆ ಕಟ್ಟಬೇಕು. ಕಾಲೇಜು ನಗದು ಮುಟ್ಟುವುದಿಲ್ಲ. ನಮ್ಮ ಬ್ಯಾಂಕಿನ 'ವಿದ್ಯಾಗುರಿ' ಖಾತೆಯಿಂದಲೇ ಹೋಗಬೇಕೆಂದು ಬ್ಯಾಂಕಿಗೂ ಕಾಲೇಜಿಗೂ ಒಪ್ಪಂದವಿದೆ. ಈ ಖಾತೆಗೆ ಗುರಿ ಎಷ್ಟೋ ಅಷ್ಟೇ ಹಣ ಕಟ್ಟಬಹುದು. ಕೊರತೆಗಿಂತ ಒಂದು ರೂಪಾಯಿ ಹೆಚ್ಚು ತಂದರೂ ಅದು ಅನುಮಾನಾಸ್ಪದ ಸಂಪತ್ತು. ಗುರಿ ಮುಟ್ಟುವವರೆಗೆ ತೆಗೆಯುವಂತೆಯೂ ಇಲ್ಲ.

ಸೋಮವಾರ ತಾಯಿ ಮಗಳು ಇಬ್ಬರೂ ಬಂದು ನಲವತ್ತು ಸಾವಿರ ಕೊಟ್ಟರು. ಭಾವುಸಾಹೇಬ ನೋಟುಗಳನ್ನು ಬೆರಳಲ್ಲಿ ಒತ್ತಿ ನೋಡಿ ನಾಲ್ಕು ಸಾವಿರವನ್ನು ಬುಟ್ಟಿಗೆ ಹಾಕಿದ.

"ಯಾಕ್ರಿ ಭಾವುಸಾಹೇಬ್ರ, ಏನಾಗೇತ್ರಿ ಅವಕ್ಕ?" ಎಂದಳು ಕುಲಸುಂಬಿ.

"ಛಾಟ ಆಗ್ಯಾವ."

"ಬೀಡಿ ಛಾಟ ಮಾಡ್ತಿದ್ರಿ, ನನ್ನ ಕೈ ತಪ್ಪಿರಬೇಕು ಅಂತ ಸುಮ್ನ ಇದ್ನಿ. ರೊಕ್ಕಾ ನಾ ಕಟ್ಟಿದ್ದಲ್ಲಲ್ರಿ. ಸರಕಾರ ಮಾಡಿದ್ದು."

"ಸರಕಾರದ ಕೆಲಸಾನ ಅಷ್ಟು. ನಿಂದೇನ ತಪ್ಪಿಲ್ಲ ಬಿಡು," ಎಂದ ಭಾವುಸಾಹೇಬ, ಬಹಳ ಸಮಾಧಾನದಿಂದ.

ಮೆಹೆಕ ಗೋಡೆಯ ಹತ್ತಿರ ಹೋಗಿ ನಾನು ಅಂಟಿಸಿದ ನಿಯಮಾವಳಿಯನ್ನು ಪೂರ್ತಿ ಓದಿದಳು. ಅದನ್ನು ಓದಿದ ಮೊದಲ ವ್ಯಕ್ತಿ ಅವಳೇ. ಓದಿ, ನನ್ನ ಕಡೆ ತಿರುಗಿ, "ಇದನ್ನ ನೀವ ಬರದೀರೇನ್ರಿ ಕಾಕಾ?" ಎಂದಳು. ಅನುವಾದ ಮಾತ್ರ ನನ್ನದು ಎಂದೆ.

ಮರುದಿನ ಆಡಳಿತ ಮಂಡಳಿಯ ಸಭೆಯಿತ್ತು. ದಂಡ ಹಾಕಿದವರ ಇನ್ನೊಂದು ಷರತ್ತಿನ ಪ್ರಕಾರ ಪ್ರತಿ ಸಭೆಯಲ್ಲೂ ಒಬ್ಬರು ಗ್ರಾಹಕರು ಪರದೆಯ ಮೂಲಕ ಎರಡು ನಿಮಿಷ ಮಾತಾಡಬೇಕು. ವಂದನೆ ಹೇಳಲು ಅಮೋಲ ಸಾಹೇಬರು ಕುಲಸುಂಬಿಯನ್ನು ಕೂರಿಸಿದರು. ನಾಲ್ಕು ಸಾವಿರದ ವಿಚಾರ ಮೇಲಿನವರ ಕಿವಿಗೆ ಹಾಕಲು ಇದೇ ದಾರಿ ಎಂದುಕೊಂಡು ಅವಳೂ ಕೂತಳು. ಪರದೆಯ ಮೇಲೆ ಹನ್ನೆರಡು ಮುಖಗಳು ಮೂಡಿದವು.

"ನಮಸ್ಕಾರ್ರಿ. ನನ್ನ ಬೀಡಿ ಚೆಕ್ ಆತು, ನನ್ನ ರೊಕ್ಕಾ ಚೆಕ್ ಆತು. ನಿಮ್ಮನ್ನ ಯಾರ್ರಿ ಚೆಕ್ ಮಾಡೋರು?"

ಅಮೋಲ ಸಾಹೇಬರು ಬೆವರುತ್ತಲೇ ಇಂಗ್ಲಿಷಿಗೆ ತಿರುಗಿಸಿದರು. ಅತ್ತ ಸಭೆಯ ಕೋಣೆಯಲ್ಲಿದ್ದ ಬ್ಯಾಂಕಿನ ಕಾರ್ಯದರ್ಶಿ ಎದ್ದು ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷರ ಮುಖ ಹುಣ್ಣಿಮೆಯಾಯಿತು.

"ಅತ್ಯಂತ ಮೌಲಿಕ ಪ್ರಶ್ನೆ," ಎಂದರು ಅವರು. "ದಂಡ ಹಾಕಿದ ಸರ್ಕಾರಗಳೂ ಮಂಡಳಿಯ ಸ್ವತಂತ್ರ ಪರಿಶೀಲನೆ ಆಗಬೇಕೆಂದು ಪತ್ರ ಬರೆದಿವೆ. ಈ ಮಹಿಳೆಯನ್ನೇ ಸ್ವತಂತ್ರ ಪರಿಶೀಲಕಿಯನ್ನಾಗಿ ನೇಮಿಸೋಣ. ನಾಳೆಯೇ ಆಗಲಿ. ಸಂಭಾವನೆ ಎಷ್ಟು ಬೇಕಂತೆ?"

"ನಾಕ ಸಾವಿರ," ಎಂದಳು ಕುಲಸುಂಬಿ.

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಸಂಜೆ ಅವಳು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತಳು. "ಧರೆಪ್ಪಣ್ಣಾ, ಒಂದ ಮಾತ ಕೇಳ್ತೀನಿ. ನಾ ಇವರನ್ನ ಛಾಟ ಮಾಡಿದ್ರ ಹೊರಗ ಹೊಕ್ಕಾರಲ್ಲ? ಹೊಸಾ ಮಂದಿ ಬಂದ್ರ ಈ ಕಾಯ್ದೆ ತಗೀಬಹುದು."

ಕಲಂ ನಾಲ್ಕು ನನ್ನ ಕೈಯಿಂದಲೇ ಬರೆದದ್ದು. ಕಾರ್ಯದರ್ಶಿ ಕಿವಿಯಲ್ಲಿ ಹೇಳಿದ್ದು ಏನೆಂದು ನನಗೆ ಆಗಲೇ ಗೊತ್ತಾಗಿತ್ತು. ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ ಇದ್ದವು. "ನೋಡೋಣ ಯಕ್ಕಾ" ಎಂದೆ. ಆ ಮಾತು ಆಡಿದ ಬಾಯಿಯ ಮೇಲೆ ನನಗೆ ಇವತ್ತಿಗೂ ಅಸಹ್ಯವಿದೆ.

ಬುಧವಾರ ಪರಿಶೀಲನೆ ನಡೆಯಿತು. ಕುಲಸುಂಬಿ ಕಾರ್ಖಾನೆಯ ರೀತಿಯಲ್ಲೇ ಶುರುಮಾಡಿದಳು. ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ: ಇಷ್ಟು ವರ್ಷ ಏನು ಮಾಡಿದ್ದೀರಿ, ಮಾಡಿದ್ದನ್ನು ತೋರಿಸಿ.

ಮೊದಲನೆಯವರು ತಾವು ಮೌಲ್ಯವನ್ನು ಸೃಷ್ಟಿಸಿದ್ದಾಗಿ ಹೇಳಿದರು.

"ಎಲ್ಲೈತ್ರಿ? ಎತ್ತಿ ತೋರಸ್ರಿ."

ಅದು ಎತ್ತಿ ತೋರಿಸುವಂಥದ್ದಲ್ಲ ಎಂದರು.

"ಛಾಟ."

ಎರಡನೆಯವರು ದೂರದೃಷ್ಟಿ ಒದಗಿಸಿದ್ದರು. ಮೂರನೆಯವರು ಎರಡನೆಯವರಿಗೆ ಬೆಂಬಲ ಒದಗಿಸಿದ್ದರು. ಏಳನೆಯವರಿಗೆ ತಾವು ಈ ಬ್ಯಾಂಕಿನ ನಿರ್ದೇಶಕರೋ ಇನ್ನೊಂದರ ನಿರ್ದೇಶಕರೋ ಎಂಬ ಬಗ್ಗೆ ಖಚಿತತೆ ಇರಲಿಲ್ಲ, ಒಟ್ಟು ಒಂಬತ್ತು ಕಂಪನಿಗಳಲ್ಲಿದ್ದರು. ಕೊನೆಗೆ ಅಧ್ಯಕ್ಷರ ಸರದಿ. ಅವರು ತಮ್ಮ ಎರಡೂ ಅಂಗೈಗಳನ್ನು ಪರದೆಗೆ ಹಿಡಿದು ತೋರಿಸಿದರು. ಬಹಳ ಚಂದದ ಕೈಗಳು.

ಕುಲಸುಂಬಿ ತನ್ನ ಕೈ ನೋಡಿಕೊಂಡಳು. ಎಲೆ ಕತ್ತರಿಸಿ, ದಾರ ಸುತ್ತಿ ತೋರುಬೆರಳು ಒಂದು ಕಡೆಗೆ ವಾಲಿಬಿಟ್ಟಿದೆ.

"ಈ ಕೈಯಾಗ ಏನೂ ಆಗಿಲ್ರಿ. ಛಾಟ. ಹನ್ನೆರಡೂ ಛಾಟ. ಇಪ್ಪತ್ತಾರ ವರ್ಷದಾಗ ಪೂರಾ ಬುಟ್ಟಿ ಛಾಟ ಆಗಿದ್ದು ಇದ ಮೊದಲ ನೋಡ್ರಿ."

ಹೊರಗೆ ಸಾಲಿನಲ್ಲಿ ನಿಂತ ಹೆಂಗಸರು ನಕ್ಕರು. ಮೆಹೆಕ ಅವ್ವನ ಭುಜ ಹಿಡಿದುಕೊಂಡಳು. ಅರೆಕ್ಷಣ ನಾನೂ ಎಲ್ಲ ಮರೆತು ಹಿಗ್ಗಿದೆ.

ಆಗ ಕಾರ್ಯದರ್ಶಿ ಎದ್ದು ಕಲಂ ನಾಲ್ಕನ್ನು ಓದಿದರು. ಬ್ಯಾಂಕಿನ ಪರಿಶೀಲನೆಯಲ್ಲಿ ಛಾಟ ಆದದ್ದು ಯಾವುದೇ ಆಗಿರಲಿ, ಅದು ಶಾಶ್ವತವಾಗಿ ಬ್ಯಾಂಕಿನಲ್ಲೇ ಉಳಿಯತಕ್ಕದ್ದು. ಆದಕಾರಣ ಹನ್ನೆರಡೂ ನಿರ್ದೇಶಕರು ಈ ಕ್ಷಣದಿಂದ ಶಾಶ್ವತ. ಅವರಿಗೆ ನಿವೃತ್ತಿ ವಯಸ್ಸು ಅನ್ವಯಿಸದು, ಷೇರುದಾರರ ಮತ ಅನ್ವಯಿಸದು. ಒಬ್ಬರಾದರೂ ಯೋಗ್ಯರೆಂದು ಉತ್ತೀರ್ಣರಾಗಿದ್ದರೆ ಅವರನ್ನು ತೆಗೆಯಲು ಅವಕಾಶವಿರುತ್ತಿತ್ತು ಎಂದೂ ಅವರು ಸ್ಪಷ್ಟಪಡಿಸಿದರು. ಹನ್ನೆರಡು ಮಂದಿಯೂ ಎದ್ದು ನಿಂತು ಕುಲಸುಂಬಿಗೆ ಚಪ್ಪಾಳೆ ತಟ್ಟಿದರು. ಸ್ವತಂತ್ರ ಪರಿಶೀಲನೆ ಇಷ್ಟು ನಿಷ್ಠುರವಾಗಿ ನಡೆದದ್ದನ್ನು ಮೂರೂ ಸರ್ಕಾರಗಳು ಮೆಚ್ಚಿ ಪತ್ರ ಬರೆದವು. ಷೇರಿನ ಬೆಲೆ ಏರಿತು.

ಸಂಭಾವನೆಯ ನಾಲ್ಕು ಸಾವಿರ ಶುಕ್ರವಾರ ಮಧ್ಯಾಹ್ನ ಬಂತು. ಬಂದ ಹಣವಾದ್ದರಿಂದ ಅದೂ ಪರಿಶೀಲನೆಗೆ ಒಳಪಟ್ಟಿತು. ನಾನೂರು ಛಾಟ. ಆಗ ಗಂಟೆ ಮೂರು. ನಾನೂರನ್ನು ನನ್ನ ಕಿಸೆಯಿಂದ ಕೊಟ್ಟೆ. ನಲವತ್ತು ಛಾಟ. ನಲವತ್ತನ್ನು ಅಮೋಲ ಸಾಹೇಬರು ಕೊಟ್ಟರು. ನಾಲ್ಕು ಛಾಟ. ಆ ನಾಲ್ಕು ರೂಪಾಯಿಯನ್ನು ಭಾವುಸಾಹೇಬನೇ ತನ್ನ ಜೇಬಿನಿಂದ ತೆಗೆದು ಕಟ್ಟಿದ. ಕಟ್ಟಿ, ಮಣೆಯ ಮೇಲೆ ಕೂತು, ತನ್ನದೇ ನಾಣ್ಯಗಳನ್ನು ಬೆಳಕಿಗೆ ಹಿಡಿದು ನೋಡಿ ಒಂದನ್ನು ಬುಟ್ಟಿಗೆ ಹಾಕಿದ. ಕನಿಷ್ಠ ಒಂದು ರೂಪಾಯಿ ಎಂದು ನಿಯಮವಿದೆಯಲ್ಲ.

"ಇನ್ನ ಒಂದ ರೂಪಾಯಿ ಬೇಕ್ರಿ," ಎಂದಳು ಮೆಹೆಕ. ಐದಕ್ಕೆ ಹತ್ತು ನಿಮಿಷವಿತ್ತು. ಒಂದು ರೂಪಾಯಿ ತಾನೇ ಕೊಟ್ಟಳು. ಛಾಟ ಆಯಿತು. ಇನ್ನೊಂದು ಕೊಟ್ಟಳು. ಛಾಟ ಆಯಿತು.

"ಭಾವುಸಾಹೇಬ್ರ, ಇದೊಂದ ಬಿಟ್ಟಬಿಡ್ರಿ," ಎಂದಳು ಕುಲಸುಂಬಿ. "ಇಪ್ಪತ್ತಾರ ವರ್ಷ ನಿಮಗ ಒಂದ ಮಾತ ಅಂದಿಲ್ಲ."

ಭಾವುಸಾಹೇಬ ತಲೆ ಎತ್ತಲಿಲ್ಲ. "ನನ್ನ ಕೈಯಾಗ ಏನೈತಿ ಕುಲಸುಂಬಿ. ಕಾಯ್ದೆ."

ಗಡಿಯಾರ ಐದು ಹೊಡೆಯಿತು. ಶಾಖೆಯ ಬಾಗಿಲು ನಾನೇ ಮುಚ್ಚಿದೆ.

ಸೀಟು ಬೇರೆಯವರಿಗೆ ಹೋಯಿತು. ಮೆಹೆಕ ಈಗ ಅವ್ವನ ಪಕ್ಕದಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಾಳೆ. ಮೂವತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ರೂಪಾಯಿ ನಮ್ಮಲ್ಲಿ ಸುರಕ್ಷಿತವಾಗಿದೆ. ಪ್ರತಿ ಶುಕ್ರವಾರ ಕುಲಸುಂಬಿ ಬಂದು ಒಂದು ರೂಪಾಯಿ ಕಟ್ಟುತ್ತಾಳೆ. ನಾವು ಪರಿಶೀಲಿಸುತ್ತೇವೆ, ಛಾಟ ಆಗುತ್ತದೆ, ರಸೀದಿ ಕೊಡುತ್ತೇವೆ. ತಪ್ಪದೆ ಬರುವ ಗ್ರಾಹಕಿಯೆಂದು ಬ್ಯಾಂಕು ಅವಳಿಗೆ ಹೊಸ ವರ್ಷದ ಕ್ಯಾಲೆಂಡರ್ ಕಳಿಸಿತು. ಹನ್ನೆರಡು ತಿಂಗಳಿಗೆ ಹನ್ನೆರಡು ನಿರ್ದೇಶಕರ ಬಣ್ಣದ ಚಿತ್ರ.

ಅದನ್ನು ಕುಲಸುಂಬಿಯ ಕೈಗೆ ಕೊಟ್ಟವನು ನಾನು. ಅವಳು ಜನವರಿಯಿಂದ ಡಿಸೆಂಬರಿನವರೆಗೆ ಒಂದೊಂದೇ ಹಾಳೆ ತಿರುವಿ ನೋಡಿದಳು.

"ಮುಂದಿನ ವರ್ಷ ಬ್ಯಾರೆ ಮಂದಿ ಬರ್ತಾರೇನ ಧರೆಪ್ಪಣ್ಣಾ?"

"ಇಲ್ಲ ಯಕ್ಕಾ. ಇವರ."

"ಹಂಗಾರ ತಾರೀಖ ಒಂದ ಬದಲಾಗ್ತೈತಿ," ಎಂದು ಕ್ಯಾಲೆಂಡರನ್ನು ಸುರುಳಿ ಸುತ್ತಿ, ಸೊಂಟದ ಬುಟ್ಟಿಯಲ್ಲಿ ಬೀಡಿ ಕಟ್ಟುಗಳ ಪಕ್ಕಕ್ಕೆ ಇಟ್ಟುಕೊಂಡು, ಕಾರ್ಖಾನೆಯ ಸಾಲಿಗೆ ಹೋಗಿ ನಿಂತಳು.