ಮೂರನೇ ನಂಬರಿನ ಹಂಸದೋಣಿಯವರ ಸನ್ನಿಧಿಗೆ

ಮಾನ್ಯ ಹಂಸದೋಣಿಯವರೇ,

ಸವದತ್ತಿಯ ಹಿನ್ನೀರಿನ ದಂಡೆಯಲ್ಲಿ ಹಳೆಯ ಟೈರುಗಳಿಗೆ ಒರಗಿ ವಿಶ್ರಮಿಸುತ್ತಿರುವ ತಮಗೆ, ತಂತಿ ಸುತ್ತಿ ನಿಲ್ಲಿಸಿರುವ ತಮ್ಮ ನೀಳ ಕತ್ತಿಗೆ, ಬಣ್ಣ ಹಾರಿದರೂ ಗಾಂಭೀರ್ಯ ಹಾರದ ತಮ್ಮ ಎಡಗಣ್ಣಿಗೆ, ಒಂಬತ್ತು ತಿಂಗಳ ಕೂಸಿನ ತಾಯಿಯಾದ ಬೈಲಹೊಂಗಲದ ರೇಣು ಮಾಡುವ ಅನೇಕ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ನಿದ್ದೆಯೊಂದನ್ನು ಬಿಟ್ಟರೆ ನನಗೆ ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ತಾವು ಉತ್ತರ ಬರೆಯುವವರಲ್ಲ ಎಂದು ಗೊತ್ತಿದ್ದೂ ಇದನ್ನು ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಓದಬೇಕಾದವರು ಇನ್ನೂ ಮೂವರಿದ್ದಾರೆ.

ನನ್ನ ದೂರು ಸಣ್ಣದು. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು. ಮಗ ಗೌತಮ ಹುಟ್ಟಿದಾಗಿನಿಂದ ಅವನು ಮಲಗಿದ ಹೊತ್ತು, ಎದ್ದ ಹೊತ್ತು, ಅತ್ತ ಹೊತ್ತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಗ್ರಾಫ್ ಎಳೆದು, ಆ ಗ್ರಾಫಿನ ಮೇಲೆಯೇ ತಲೆಯಿಟ್ಟು ತೂಕಡಿಸಿದವಳು. ನನ್ನ ಅತ್ತೆ ಸೀತವ್ವನವರು "ಗಾಳಿ ಬಡದು ಕೂಸು ಅಳತೈತಿ" ಎಂದು ಎಲ್ಲ ಕಿಟಕಿ ಮುಚ್ಚಿಸಿ, ಉರಿಬಿಸಿಲಿನಲ್ಲೂ ಅವನ ತಲೆಗೆ ಉಣ್ಣೆಯ ಕುಲಾವಿ ಕಟ್ಟಿದರು. ಬಸ್ ಕಂಡಕ್ಟರಾಗಿ ನಿವೃತ್ತರಾದ ಮಾವ ಭರಮಪ್ಪನವರು "ನಮ್ಮ ಕಾಲದಾಗ ಕೂಸುಗಳು ತಾವ ಮಲಗತಿದ್ದವು ಬಿಡು" ಎಂದು ಹೇಳಿ, ಅದನ್ನು ಸಾಬೀತುಪಡಿಸುವಂತೆ ತಾವೇ ಮಲಗಿದರು. ಯಜಮಾನರಾದ ಅಜಿತ ಅವರು ಮೊಬೈಲಿನಲ್ಲಿ ಕೂಸು ಮಲಗಿಸುವ ವಿಡಿಯೋ ಹುಡುಕಿ ನನಗೆ ಕಳಿಸಿದರು, ಪಕ್ಕದ ಕೋಣೆಯಿಂದ. ಇಷ್ಟೆಲ್ಲ ವಿದ್ವಾಂಸರು ಒಂಬತ್ತು ತಿಂಗಳಲ್ಲಿ ಮಾಡಲಾಗದ ಕೆಲಸವನ್ನು, ಫೈಬರಿನ ಹೊಟ್ಟೆಯ ತಾವು, ಒಂದು ಪರೀಕ್ಷೆಯನ್ನೂ ಪಾಸಾಗದ ತಾವು, ಏಳೇ ನಿಮಿಷದಲ್ಲಿ ಮಾಡಿದಿರಿ. ಒಬ್ಬ ತಾಯಿಯನ್ನು ಹೀಗೆ ನಾಲ್ಕು ಜನರೆದುರು ಅವಮಾನಿಸುವುದು ಹಂಸಕುಲಕ್ಕೆ ಶೋಭೆಯೇ?

ತಮಗೆ ನಮ್ಮ ಮನೆಯ ಒಂದು ಪದ್ಧತಿಯನ್ನು ತಿಳಿಸಬೇಕು. ನಮ್ಮಲ್ಲಿ ಕೂಸು ನಕ್ಕರೆ ಮನೆತನದ್ದು, ಅತ್ತರೆ ನನ್ನದು. ನಗುವಾಗ "ಥೇಟ್ ನಮ್ಮ ಅಜ್ಯಾನ ಮಾರಿ ನೋಡ್ರಿ" ಎಂದು ಎತ್ತಿಕೊಂಡು ಓಣಿಯೆಲ್ಲ ತೋರಿಸಿ ಬರುವವರು, ತುಟಿ ಸೊಟ್ಟಗಾದ ಕ್ಷಣದಲ್ಲಿ ಅವನನ್ನು ಕೈಯಿಂದ ಕೈಗೆ ದಾಟಿಸುತ್ತಾ ಅಡುಗೆಮನೆಗೆ ಬಂದು, "ಹಸಿವಾಗೇತಿ, ತಗೋ ನಮ್ಮವ್ವಾ" ಎಂದು ರೊಟ್ಟಿ ಬಡಿಯುತ್ತಿರುವ ನನ್ನ ಹಿಟ್ಟಿನ ಕೈಗೆ ಕೊಡುತ್ತಾರೆ. ಹಾಲು ಕುಡಿಸಿ ಐದು ನಿಮಿಷವಾಗಿದ್ದರೂ ಹಸಿವೆಯೇ, ಇರುವೆ ಕಚ್ಚಿದ್ದರೂ ಹಸಿವೆಯೇ.

ಹೀಗಿರುವಾಗ ಹೋದ ರವಿವಾರ ಅಜಿತ ಅವರು "ಸವದತ್ತಿಗೆ ಹೋಗಿ ನೀರು ನೋಡಿ ಬರೂಣು, ನಿನಗೂ ಆರಾಮ ಅನಸತೈತಿ" ಎಂದರು. ನನ್ನ ಆರಾಮಿಗಾಗಿ ನಾನು ನಸುಕಿನಲ್ಲೆದ್ದು ಮೂವತ್ತು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿ, ಕೂಸಿನ ಹಸಿರು ಚೀಲ ತುಂಬಿದೆ. ಆ ಚೀಲವನ್ನು ಮನೆಯವರೆಲ್ಲ ಒಮ್ಮೆಯಾದರೂ ಹೊತ್ತಿದ್ದಾರೆ. ತೆರೆದು ನೋಡಿದವಳು ನಾನೊಬ್ಬಳೇ.

ದಂಡೆಗೆ ಬಂದಾಗ ತಮ್ಮನ್ನು ನೋಡಿಕೊಳ್ಳುವ ಬುಡನಸಾಬ ಕಾಕಾ ಅವರನ್ನು ನಾನು ನೀರಿನ ಆಳ, ಗಾಳಿಯ ದಿಕ್ಕು, ಲೈಫ್ ಜಾಕೆಟ್ಟಿನ ವಯಸ್ಸು ಎಂದು ಇಪ್ಪತ್ತು ಪ್ರಶ್ನೆ ಕೇಳಿದೆ. ಅವರು ತಾಳ್ಮೆಯಿಂದ, "ನೀಲಿ ಡ್ರಮ್ಮಿನ ಹಗ್ಗ ಐತಲ್ಲ ಯವ್ವಾ, ಅದರೊಳಗ ಸೊಂಟಮಟ ನೀರು. ಮುಳುಗಬೇಕಂದ್ರ ಬಗ್ಗಬೇಕಾಗತೈತಿ" ಎಂದರು. ಆಗ ಅಜಿತ ಮತ್ತು ಮಾವನವರು ಮುಂದೆ ಪೆಡಲಿಗೆ, ನಾನು, ಕೂಸು, ಹಸಿರು ಚೀಲ, ಅತ್ತೆ ಹಿಂದೆ, ಹೀಗೆ ತಮ್ಮ ಹೊಟ್ಟೆಯನ್ನು ಹೊಕ್ಕೆವು. ಏಳನೆಯ ನಿಮಿಷಕ್ಕೆ ಗೌತಮ ಬಾಯಿ ತೆರೆದು ಮಲಗಿಬಿಟ್ಟ. "ನಾ ಮೊದಲಿಂದ ಹೇಳತಿದ್ನಿಲ್ಲ, ಕೂಸಿಗೆ ಗಾಳಿ ಬೇಕಂತ" ಎಂದು ಅತ್ತೆಯವರು ಕುಲಾವಿ ಬಿಚ್ಚಿದರು. ಮುಚ್ಚಿಸಿದ ಕಿಟಕಿಗಳ ಮಾತೆತ್ತುವ ಹೊತ್ತು ಅದಾಗಿರಲಿಲ್ಲ. ಹೇಳಿದ್ದರೆ ಅವನು ಏಳುತ್ತಿದ್ದ.

ಅರ್ಧ ತಾಸಿಗೆ ಸೀಟಿಯಾಯಿತು, ತಾವು ವಿಧೇಯರಾಗಿ ದಂಡೆಗೆ ಮರಳಿದಿರಿ. ತಮ್ಮ ಮೇಲಿನ ನನ್ನ ಎರಡನೆಯ ಆಕ್ಷೇಪಣೆ ಇದೇ. ಅಷ್ಟು ಉದ್ದದ ಕತ್ತಿರುವವರು ಒಂದು ಸೀಟಿಗೆ ಬಗ್ಗುವುದೇ? ಆದರೆ ಮುಂದೆ ನಡೆದದ್ದರಲ್ಲಿ ತಮ್ಮ ತಪ್ಪು ಏನೂ ಇಲ್ಲವೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಮೊದಲು ನಾನು ಇಳಿದು ಆಮೇಲೆ ಕೂಸನ್ನು ತೆಗೆದುಕೊಳ್ಳುವುದೆಂದು ಅವನನ್ನು ಅತ್ತೆಯವರ ತೊಡೆಯ ಮೇಲೆ ಮಲಗಿಸಿ ದಂಡೆಗೆ ಕಾಲಿಟ್ಟೆ. ತಿರುಗಿ ಕೈ ಚಾಚಬೇಕು, ಕೈ ನೋಡಿಕೊಂಡೆ, ಎರಡೂ ಖಾಲಿ. ಒಂಬತ್ತು ತಿಂಗಳಲ್ಲಿ ಅವು ಹಾಗೆ ಖಾಲಿಯಿದ್ದದ್ದು ನನಗೆ ನೆನಪಿಲ್ಲ. "ಎಬ್ಬಸಬ್ಯಾಡ್ರಿ ಅತ್ತೀ, ಹಂಗ ಇನ್ನೊಂದು ಸುತ್ತು ಹೊಡದು ಬರ್ರಿ" ಎಂದವಳೇ, ಯಾರೂ ಯೋಚಿಸುವ ಮೊದಲು, ತಮ್ಮ ಬಾಲದ ಮೇಲೆ ಪಾದವಿಟ್ಟು ನೂಕಿದೆ. ಪಾದ ತಾಗಿಸಿದ್ದಕ್ಕೆ ಕ್ಷಮೆಯಿರಲಿ. ನೂಕಿದ್ದಕ್ಕೆ ಕೇಳುವುದಿಲ್ಲ.

ತಾವು ನಡುನೀರಿಗೆ ಹೋದಾಗ ಗೌತಮ ಎದ್ದ, ಅತ್ತ. ಅಭ್ಯಾಸಬಲ ಎಂಬುದು ಎಷ್ಟು ದೊಡ್ಡದೆಂದರೆ, ಅತ್ತೆಯವರು ಅವನನ್ನು ಎರಡೂ ಕೈಯಲ್ಲಿ ದಂಡೆಯತ್ತ ಎತ್ತಿ ಹಿಡಿದು, ನಡುವೆ ಐವತ್ತು ಮಾರು ನೀರಿದೆ ಎಂಬುದನ್ನೂ ಮರೆತು, "ಏ ರೇಣವ್ವಾ, ಹಸಿವಾಗೇತಿ, ತಗೋ!" ಎಂದು ಕೂಗಿದರು. ತೆಗೆದುಕೊಳ್ಳಲು ನನ್ನ ಕೈ ಅಲ್ಲಿಗೆ ಮುಟ್ಟಲಿಲ್ಲ. ಕೂಸು ಅಜ್ಜಿಯಿಂದ ಅಜ್ಜನಿಗೆ, ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮತ್ತೆ ಅಜ್ಜಿಗೆ ದಾಟಿತು. ಅಲ್ಲಿಂದ ಮುಂದೆ ದಾಟಲು ಕೈಗಳೇ ಇರಲಿಲ್ಲ. ಪೆಡಲ್ ನಿಂತು ತಾವು ನಿಂತಲ್ಲೇ ಗಿರಗಿರ ತಿರುಗತೊಡಗಿದಿರಿ.

ನಾನು ನಗುತ್ತಿದ್ದೆನೆಂದು ತಾವು ತಿಳಿಯಬಾರದು. ಸೀರೆ ತೋಯುವುದನ್ನೂ ನೋಡದೆ ಮೊಣಕಾಲಮಟ ನೀರಿಗೆ ಇಳಿದು ನಿಂತಿದ್ದೆ. ಅವನ ಒಂದೊಂದು ಅಳುವೂ ನನ್ನ ಎದೆಗೇ ಬಂದು ಬೀಳುತ್ತಿತ್ತು. ಬುಡನಸಾಬ ಕಾಕಾ, "ನಾ ಬ್ಯಾರೆ ದೋಣಿ ಒಯ್ದು ಕೂಸಿನ್ನ ತರ್ಲೇನು ಯವ್ವಾ?" ಎಂದರು. ಹ್ಞೂಂ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. "ಬ್ಯಾಡ್ರಿ ಕಾಕಾ" ಎಂದು, ಗಂಟಲು ಹರಿಯುವಂತೆ ಒಂದೇ ಮಾತು ಕೂಗಿದೆ: "ಹಸಿರು ಚೀಲ ತಗೀರಿ! ಬಾಜೂಕಿನ ಕಿಸೇದಾಗ ಬಾಟ್ಲಿ ಐತಿ!"

ಹನ್ನೊಂದು ನಿಮಿಷ ಹಿಡಿಯಿತು. ಚೀಲ ತೆರೆಯಿತು. ಬಾಟಲಿ ಹೊರಬಂತು. ಕೂಸನ್ನು ಹೇಗೆ ಹಿಡಿಯಬೇಕೆಂದು ಅಪ್ಪ ಮತ್ತು ಅಜ್ಜಿಯ ನಡುವೆ ಸಣ್ಣದೊಂದು ಚರ್ಚೆ ನಡೆಯಿತು. ಕೊನೆಗೆ ಮಾವನವರು ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು, ಬೇರೆ ಜೋಗುಳ ಬಾರದ್ದಕ್ಕೆ, "ಉಗರಗೋಳ, ಸವದತ್ತಿ, ಮುನವಳ್ಳಿ, ಕಟಕೋಳ, ರಾಮದುರ್ಗ, ಇಳಿಯವರು ಮುಂದ ಬರ್ರಿ" ಎಂದು ಹಳೆಯ ಕಂಡಕ್ಟರ್ ರಾಗದಲ್ಲಿ ಕೂಗುತ್ತಾ ಬೆನ್ನು ತಟ್ಟಿದರು. ಎರಡನೆಯ ಸಲ ರಾಮದುರ್ಗ ಬರುವಷ್ಟರಲ್ಲಿ ಅಳು ನಿಂತಿತ್ತು. ನಾನು ಬೇವಿನ ಗಿಡದ ಕೆಳಗೆ ಕೌದಿ ಹಾಸಿ ಒರಗಿದ್ದಷ್ಟೇ ನೆನಪು. ಎದ್ದಾಗ ಒಂದೂವರೆ ತಾಸು ಕಳೆದಿತ್ತು. ಕೂಸು ಅಪ್ಪನ ತೊಡೆಯ ಮೇಲೆ ಆಡುತ್ತಿತ್ತು, ಎಲ್ಲರೂ ತಾವೇ ಬಡಿಸಿಕೊಂಡು ಉಂಡಿದ್ದರು, ಎಣ್ಣೆಗಾಯಿ ಒಂದೂ ಉಳಿದಿರಲಿಲ್ಲ. ಇದಕ್ಕೂ ತಮ್ಮನ್ನೇ ಹೊಣೆ ಮಾಡುತ್ತೇನೆ.

ಸಂಜೆ ಬೈಲಹೊಂಗಲದ ನಮ್ಮ ಹೊಸ್ತಿಲು ದಾಟಿದ ಕೂಡಲೇ ಗೌತಮ ಅತ್ತ, ಮೂರು ಜೊತೆ ಕೈ ಒಟ್ಟಿಗೆ "ಹಸಿವಾಗೇತಿ, ತಗೋ" ಎಂದವು. ಆದ್ದರಿಂದ ತಮ್ಮಲ್ಲಿ ಸವಿನಯ ಬೇಡಿಕೆ. ತಾವು ದಯಮಾಡಿ ನಮ್ಮಲ್ಲಿಗೆ ಬಂದು, ನೀರಿನ ಟಾಕಿಯಲ್ಲಾದರೂ ಸರಿ, ಕಾಯಮ್ಮಾಗಿ ವಾಸಿಸಬೇಕು. ಟಾಕಿಯ ಬಾಯಿ ಸಣ್ಣದಾಯಿತೆಂದರೆ ತಾವು ಬರುವುದು ಬೇಡ, ನೀರನ್ನಷ್ಟೇ ಕಳಿಸಿಕೊಡಿ. ಪೂರ್ತಿ ಹಿನ್ನೀರು ಕೇಳುವಷ್ಟು ಆಸೆಬುರುಕಿ ನಾನಲ್ಲ. ನಮ್ಮ ಪಡಸಾಲೆಗೂ ನಾನು ಮಲಗುವ ಕೋಣೆಗೂ ನಡುವೆ, ದಿನಕ್ಕೆ ಒಂದೇ ತಾಸು, ಐವತ್ತು ಮಾರು ನೀರು ನಿಂತರೆ ಸಾಕು. ಸೊಂಟಮಟ ಇದ್ದರೂ ನಡೆದೀತು. ನಮ್ಮವರು ಅಷ್ಟಕ್ಕೇ ದಾಟಿ ಬರುವುದಿಲ್ಲ.

ತಮ್ಮ ಬಾಲವನ್ನು ಇನ್ನೂ ಹಲವು ಸಲ ನೂಕುವ ವಿಶ್ವಾಸದಲ್ಲಿರುವ,
ರೇಣು
ಬೈಲಹೊಂಗಲ

ತಾ.ಕ.: "ನಮ್ಮ ಸೊಸಿಗೆ ನೀರಂದ್ರ ಭಾಳ ಅಂಜಿಕಿ, ಪಾಪ, ದೋಣಿ ಬಿಟ್ಟು ಇಳದ ಹೋದ್ಲು, ಕೂಸಿನ್ನ ನಾವ ಸಂಭಾಳಿಸಿದ್ವಿ" ಎಂದು ಅತ್ತೆಯವರು ಓಣಿಯಲ್ಲೆಲ್ಲ ಹೇಳುತ್ತಿದ್ದಾರೆ. ನಾನು ತಲೆ ತಗ್ಗಿಸಿ ಒಪ್ಪಿಕೊಂಡಿದ್ದೇನೆ. ಅಂಜಿಕೆ ಇತ್ತೀಚೆಗೆ ಹೆಚ್ಚಾಗಿದೆ ಎಂದೂ ಸೇರಿಸಿದ್ದೇನೆ. ಬರುವ ರವಿವಾರ ನನ್ನೊಬ್ಬಳನ್ನು ಬಿಟ್ಟು ಅವರೆಲ್ಲರೂ ಕೂಸಿನೊಂದಿಗೆ ತಮ್ಮ ಬಳಿಗೆ ಬರುತ್ತಿದ್ದಾರೆ. ನನ್ನ ಅಂಜಿಕೆಗೆ ವೈದ್ಯರ ಅಗತ್ಯವಿಲ್ಲ, ಒಂದು ದಿಂಬು ಸಾಕು.